ಬೆಂಕಿಬೆಟ್ಟದ ಸುತ್ತ ಮಗನ ಹಾರಾಟ

ಪ್ರಶ್ನೆ: ಮಗನಿಗೆ ಸಿಪಿಎಲ್ (ವಾಣಿಜ್ಯ ಪೈಲಟ್ ಲೈಸೆನ್ಸ್) ಆಗಿದೆ. ಹವಾಯಿ ದ್ವೀಪಗಳಲ್ಲಿ ಎರಡು ಇಂಜಿನ್ನಿನ ಪುಟ್ಟ ವಿಮಾನ ಹಾರಿಸಿ ಹಾರಾಟದ ಗಂಟೆ ಕೂಡಿಸ್ತೀನಿ ಅಂತಾನೆ. ಅಲ್ಲಿ ಜ್ವಾಲಾಮುಖಿ ಇದೆ ಅಲ್ವಾ?
– ಒಬ್ಬ ತಾಯಿ, ತೀರ್ಥಹಳ್ಳಿ

ಉತ್ತರ: ಇದೆ ಅಮ್ಮಾ. ಬೆಂಕಿಗಿಂತ ಬೂದಿಗೆ ಹೆದರಬೇಕು. ನಮ್ಮ ಬಚ್ಚಲೊಲೆ ಬೂದಿಯ ಹಾಗೆ ಮೆತ್ತಗಿರಲ್ಲ ಅದು, ಕಲ್ಲು-ಗಾಜಿನ ಪುಡಿ, ಮುಂದಿನ ಗಾಜನ್ನೇ ಉಜ್ಜಿ ಮಂಕು ಮಾಡುತ್ತದೆ. 1982ರಲ್ಲಿ ಜಾವಾ ಹತ್ತಿರ ಒಂದು ಜಂಬೋ ವಿಮಾನದ ನಾಲ್ಕೂ ಇಂಜಿನ್ ಇದರಿಂದ ನಿಂತಿದ್ದವು, ಬೂದಿಯಿಂದ ಕೆಳಗೆ ಬಂದ ಮೇಲೆ ಆಕಾಶದಲ್ಲೇ ಮತ್ತೆ ಶುರುವಾದವು, ಪುಣ್ಯ! ಬೂದಿಯ ಎಚ್ಚರಿಕೆ ಬಂದ ಕಡೆ ಹಾರಬಾರದು, ಅಷ್ಟೆ.

ನನಗೆ ಜಾಸ್ತಿ ಚಿಂತೆ ಇನ್ನೊಂದು. ಒಂದು ಇಂಜಿನ್ ಕೆಟ್ಟರೆ ವಿಮಾನ ಆ ಕಡೆಗೇ ಎಳೆಯುತ್ತದೆ, ಆಗುಂಬೆ ಘಾಟಿಯಲ್ಲಿ ಮುಂದಿನ ಟೈರ್ ಪಂಕ್ಚರ್ ಆದ ಕಾರಿನಂತೆ. ತಕ್ಷಣ ಇನ್ನೊಂದು ಕಡೆಯ ರಡ್ಡರ್ ಪೆಡಲ್ (ಬಾಲದ ಚುಕ್ಕಾಣಿ ತಿರುಗಿಸುವ ಕಾಲುಪೆಡಲ್) ಒತ್ತಿ ಹಿಡಿಯಬೇಕು. ಆ ಅಭ್ಯಾಸ ಎಷ್ಟಾಗಿದೆ, ಮಗನನ್ನು ಕೇಳಿ.