ಪ್ರತಿಕ್ರಿಯೆ: ಬಾಗಿದ ಅಲಗಿನ ಮಡಚುವ ಚಾಕು, ಜಾರುವ ಲಾಕ್

ಅಲಗನ್ನು ಕೊಂಬೆಯಿಂದ ಬಿಡಿಸುವಾಗ ಮಾತ್ರ ನಿಮ್ಮ ಮಡಚುವ ಚಾಕುವಿನ ಲೈನರ್ ಲಾಕ್ (ತೆರೆದ ಅಲಗಿನ ಬುಡಕ್ಕೆ ಅಡ್ಡ ನಿಂತು ಅದು ಮಡಚದಂತೆ ತಡೆಯುವ, ಹಿಡಿಯೊಳಗಿನ ತೆಳು ತಗಡು) ಜಾರುತ್ತೆ ಅಂದಿದ್ದೀರಿ. ಹೆಚ್ಚಾಗಿ ಇದು ಲಾಕಿನ ಮುಖಕ್ಕೆ, ಅಂದರೆ ತಗಡಿನ ತುದಿ ಅಲಗಿನ ಬುಡಕ್ಕೆ ತಾಗುವ ಜಾಗಕ್ಕೆ, ಮೆತ್ತಿದ ಗಿಡದ ಅಂಟು ಅಥವಾ ಎಣ್ಣೆಯಿಂದ ಆಗೋದು. ನಿಮ್ಮತ್ತ ಎಳೆದು ಕೊಯ್ಯುವಾಗ ಒತ್ತಡ ಅಲಗು ತೆರೆಯುವ ಕಡೆಗೇ ಇರುತ್ತೆ, ಲಾಕಿಗೆ ಭಾರ ಬೀಳಲ್ಲ. ಕೊಕ್ಕೆಯಂಥ ತುದಿ ಸಿಕ್ಕಿಕೊಂಡು, ಮುಂದಕ್ಕೆ ತಳ್ಳಿ ಬಿಡಿಸುವಾಗ ಅಲಗಿನ ಬೆನ್ನಿಗೆ ಬೀಳುವ ಬಲವನ್ನೆಲ್ಲ ಆ ತೆಳು ತಗಡೇ ಹೊರಬೇಕು. ಹಾಗಾಗಿ ಮುಂದಕ್ಕೆ ತಳ್ಳಿ ಬಿಡಿಸಬೇಡಿ.

ಮೊದಲು ಅಲಗನ್ನು ಪೂರ್ತಿ ತೆರೆದು ಬೆಳಕಿಗೆ ಹಿಡಿಯಿರಿ. ತಗಡಿನ ತುದಿ ಅಲಗಿನ ಬುಡದ ದಪ್ಪದಲ್ಲಿ ಕಾಲು ಭಾಗದಿಂದ ಅರ್ಧದವರೆಗೆ ಕೂತಿದ್ದರೆ ಸರಿ. ಅಂಚಿಗಷ್ಟೇ ತಾಗಿದ್ದರೆ ಬಹುಶಃ ಕೊಳೆ ಅಡ್ಡ ಬಂದಿದೆ. ಎದುರು ಬದಿಗೇ ಮುಟ್ಟಿದ್ದರೆ ಸವೆದಿದೆ. ಅದನ್ನು ಬಗ್ಗಿಸಿ ಸರಿಮಾಡಲು ಹೋಗದೆ ಚಾಕು ಬದಲಿಸಿ.

ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಇಯರ್ ಬಡ್‌ನಿಂದ ತಗಡಿನ ತುದಿ, ಅಲಗಿನ ಬುಡ ಎರಡರ ಮುಖವನ್ನೂ ಒರೆಸಿ, ಹತ್ತಿಗೆ ಕಪ್ಪು ಹತ್ತೋದು ನಿಲ್ಲುವವರೆಗೆ. ಅಲಗು ಅಕ್ಕಪಕ್ಕ ಅಲುಗಿದರೆ ಪಿವಟ್ ಸ್ಕ್ರೂವನ್ನು (ಅಲಗು ತಿರುಗುವ ಕೀಲಿನ ತಿರುಪು) ಎಂಟನೇ ಒಂದು ಸುತ್ತು ಬಿಗಿಮಾಡಿ. ಪಿವಟ್‌ಗೆ ಎಣ್ಣೆ ಒಂದೇ ಹನಿ. ಲಾಕಿನ ಮುಖಕ್ಕೆ ಬೇಡವೇ ಬೇಡ.

ಆಮೇಲೆ ದಪ್ಪ ಕೈಗವಸು ಹಾಕಿ, ಬೆರಳುಗಳನ್ನು ಅಲಗು ಮಡಚುವ ದಾರಿಯಿಂದ ಆಚೆ ಇಟ್ಟು, ಅಲಗಿನ ಬೆನ್ನನ್ನು ಹಲಗೆಗೆ ನಿಧಾನವಾಗಿ ಒತ್ತಿ. ಬಡಿಯಬೇಡಿ. ಹತ್ತು ಸಲದಲ್ಲಿ ಒಮ್ಮೆ ಜಾರಿದರೂ ಅದನ್ನು ಬಿಟ್ಟು ಕುಡುಗೋಲು ಹಿಡಿಯಿರಿ.