ತಡೆಹಿಡಿದ ಜಿಎಸ್‌ಟಿ: ದುಡ್ಡು ಈಗ ಯಾರ ಬಳಿ ಇದೆ?

ಪ್ರಶ್ನೆ: ಕಂಪನಿಯೊಂದಕ್ಕೆ ಯಂತ್ರದ ಬಿಡಿಭಾಗ ಮಾಡಿಕೊಡುತ್ತೇನೆ. ಏಪ್ರಿಲ್ 10ರ ಬಿಲ್ಲಿನಲ್ಲಿ ಮಾಲಿನ ಬೆಲೆ ₹2,00,000, ಜಿಎಸ್‌ಟಿ ₹36,000. ಎರಡು ಲಕ್ಷ ಬಂತು. ತೆರಿಗೆ ಮಾತ್ರ ‘2ಬಿಯಲ್ಲಿ (ಜಿಎಸ್‌ಟಿ ಪೋರ್ಟಲ್ ಕೊಳ್ಳುಗನಿಗೆ ತೋರಿಸುವ ಖರೀದಿ ಬಿಲ್ಲುಗಳ ಪಟ್ಟಿ) ಕಾಣುತ್ತಿಲ್ಲ’ ಎಂದು ಹಿಡಿದಿಟ್ಟಿದ್ದಾರೆ. ನಾನು ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವವನು. ಹೀಗೆ ಹಿಡಿಯಲು ಕಾನೂನಿದೆಯೇ? ಅವರು ಕೊಡುವ ತನಕ ನಾನೂ ತೆರಿಗೆ ಕಟ್ಟದೆ ಇರಬಹುದೇ?

ಉತ್ತರ: ಎರಡನೆಯದಕ್ಕೆ ಮೊದಲು ಉತ್ತರ: ಇರಲಾಗದು. ಮಾಲಿನ ಮೇಲಿನ ತೆರಿಗೆ ಬಿಲ್ಲಿನ ತಾರೀಖಿಗೆ ಅಂಟಿಕೊಂಡದ್ದು, ದುಡ್ಡು ಕೈಸೇರಿದ ತಾರೀಖಿಗಲ್ಲ. ತಡವಾದರೆ ವರ್ಷಕ್ಕೆ ಶೇ 18 ಬಡ್ಡಿ ನಿಮ್ಮ ತಲೆಗೇ ಬರುತ್ತದೆ.

ಖಾಸಗಿ ಕೊಳ್ಳುಗ ಜಿಎಸ್‌ಟಿ ಮೊತ್ತವನ್ನು ಹಿಡಿದಿಡಬಹುದು ಎನ್ನುವ ಕಲಮು ಜಿಎಸ್‌ಟಿ ಕಾಯ್ದೆಯಲ್ಲಿಲ್ಲ. ಆದರೆ ಅವರ ಭಯಕ್ಕೆ ಕಾರಣವಿದೆ. ಬಿಲ್ಲು ನಿಮ್ಮ ಜಿಎಸ್‌ಟಿಆರ್-1ರ (ಮಾರಾಟದ ಬಿಲ್ಲುಗಳ ರಿಟರ್ನ್) ಮೂಲಕ ಅವರ 2ಬಿಗೆ ಇಳಿಯದಿದ್ದರೆ 2022ರ ಜನವರಿ 1ರಿಂದ ಅವರಿಗೆ ಇನ್‌ಪುಟ್ ಕ್ರೆಡಿಟ್ (ಖರೀದಿಗೆ ಕೊಟ್ಟ ತೆರಿಗೆಯನ್ನು ತಾವು ಕಟ್ಟುವ ತೆರಿಗೆಯಲ್ಲಿ ಕಳೆದುಕೊಳ್ಳುವ ಸೌಲಭ್ಯ) ಸಿಗುವುದಿಲ್ಲ. ಪರ್ಚೇಸ್ ಆರ್ಡರಿನಲ್ಲಿ ‘2ಬಿಯಲ್ಲಿ ಬಂದ ಮೇಲೆ ಜಿಎಸ್‌ಟಿ ಪಾವತಿ’ ಎಂಬ ಷರತ್ತು ಇದ್ದು ನೀವು ಒಪ್ಪಿದ್ದರೆ, ಅದು ಕರಾರು. ಮೊದಲು ಆ ಆರ್ಡರ್ ತೆಗೆದು ಓದಿ.

ನಿಮ್ಮ ಪ್ರಕರಣದಲ್ಲಿ ಗಂಟು ಇರುವುದು ತ್ರೈಮಾಸಿಕ ರಿಟರ್ನಿನಲ್ಲಿ. ಏಪ್ರಿಲ್ ಬಿಲ್ಲನ್ನು ನೀವು ಜುಲೈ 13ರೊಳಗೆ ಜಿಎಸ್‌ಟಿಆರ್-1ರಲ್ಲಿ ಹಾಕಿದರೆ, ಅದು ಅವರಿಗೆ ಕಾಣುವುದು ಜುಲೈ 14ರ 2ಬಿಯಲ್ಲಿ. ಇದಕ್ಕೆಂದೇ ಐಎಫ್‌ಎಫ್ ಸೌಲಭ್ಯವಿದೆ: ತ್ರೈಮಾಸಿಕದ ಮೊದಲ ಎರಡು ತಿಂಗಳ ಬಿಲ್ಲುಗಳನ್ನು ಮುಂದಿನ ತಿಂಗಳ 1ರಿಂದ 13ರೊಳಗೆ ಏರಿಸಬಹುದು, ತಿಂಗಳಿಗೆ ₹50 ಲಕ್ಷದವರೆಗೆ. ಮೇ 13ರೊಳಗೆ ಏರಿಸಿದ್ದರೆ ಮೇ 14ಕ್ಕೇ ಅವರಿಗೆ ಕಾಣುತ್ತಿತ್ತು. ಕಡ್ಡಾಯವಲ್ಲವೆಂದು ಬಹಳ ಜನ ಇದನ್ನು ಬಿಟ್ಟುಬಿಡುತ್ತಾರೆ. ದೊಡ್ಡ ಪಾರ್ಟಿಗಳಿಗೆ ಮಾಲು ಕೊಡುವವರು ಬಿಡಲೇಬಾರದು.

ಹಾಕಿಯೂ ಕಾಣದಿದ್ದರೆ ಮೂರು ಕಡೆ ನೋಡಿ. ಕಂಪನಿಗೆ ಎರಡು ರಾಜ್ಯಗಳಲ್ಲಿ ನೋಂದಣಿ ಇದ್ದು, ಬಿಲ್ಲು ಇನ್ನೊಂದು ಜಿಎಸ್‌ಟಿಐಎನ್‌ಗೆ (ಜಿಎಸ್‌ಟಿ ನೋಂದಣಿ ಸಂಖ್ಯೆ) ಹೋಗಿರಬಹುದು. ಹಾಗಿದ್ದರೆ ಮುಂದಿನ ಜಿಎಸ್‌ಟಿಆರ್-1ರ 9ಎ ಕೋಷ್ಟಕದಲ್ಲಿ ತಿದ್ದಿ. ಅದೇ ಅವಧಿಯ ತಿದ್ದುಪಡಿ ನಮೂನೆಯಾದ ಜಿಎಸ್‌ಟಿಆರ್-1ಎಯಲ್ಲಿ ಕೊಳ್ಳುಗನ ಜಿಎಸ್‌ಟಿಐಎನ್ ಬದಲಾಯಿಸಲು ಬರುವುದಿಲ್ಲ. ಎರಡನೆಯದು ಬಿಲ್ ನಂಬರು. ಕಾಗದದಲ್ಲಿ ‘023’, ಪೋರ್ಟಲಿನಲ್ಲಿ ‘23’ ಎಂದಿದ್ದರೆ ಅವರ ತಂತ್ರಾಂಶ ಎರಡನ್ನೂ ಬೇರೆ ಬೇರೆ ಎಂದೇ ಓದಬಹುದು. ಮೂರನೆಯದು, ಬಿಲ್ಲನ್ನು ಬಿ2ಬಿ (ನೋಂದಣಿ ಇರುವವರಿಗೆ ಮಾರಿದ್ದು) ಬದಲು ಬಿ2ಸಿ (ನೋಂದಣಿ ಇಲ್ಲದವರಿಗೆ ಮಾರಿದ್ದು) ಎಂದು ತೋರಿಸಿರುವುದು.

2ಬಿಯಲ್ಲಿ ಬಂದ ಮೇಲೂ ‘3ಬಿ (ತೆರಿಗೆ ಕಟ್ಟುವ ರಿಟರ್ನ್) ಹಾಕಿಲ್ಲ’ ಎಂದರೆ, ಕರ್ನಾಟಕದ ತ್ರೈಮಾಸಿಕ ವರ್ತಕರಿಗೆ 3ಬಿ ಗಡುವು ತ್ರೈಮಾಸಿಕ ಮುಗಿದ ಮುಂದಿನ ತಿಂಗಳ 22 ಎಂದು ಬರೆದು ತಿಳಿಸಿ. ಹಾಕಿದ ಮೇಲೆ ಎಆರ್‌ಎನ್ ಸಂಖ್ಯೆ (ರಿಟರ್ನ್ ಸಲ್ಲಿಕೆಯ ಸ್ವೀಕೃತಿ ಸಂಖ್ಯೆ), ತಾರೀಖು ಕಳಿಸಿ.

ಇಲ್ಲಿ ಅವರಿಗೂ ಒಂದು ಕುತ್ತಿಗೆಪಟ್ಟಿ ಇದೆ, ನೆನಪಿಸಿ: ಬಿಲ್ಲಿನ ತಾರೀಖಿನಿಂದ 180 ದಿನದೊಳಗೆ ತೆರಿಗೆಯೂ ಸೇರಿ ಪೂರ್ತಿ ಹಣ ಕೊಡದಿದ್ದರೆ, ನಿಯಮ 37ರ ಪ್ರಕಾರ ಕೊಡದ ಭಾಗಕ್ಕೆ ತಕ್ಕಷ್ಟು ಕ್ರೆಡಿಟ್ಟನ್ನು ಬಡ್ಡಿ ಸಹಿತ ಹಿಂದಿರುಗಿಸಬೇಕು. 2,36,000ದಲ್ಲಿ 36,000 ಬಾಕಿ ಎಂದರೆ, ಅವರು ಪಡೆದ 36,000 ಕ್ರೆಡಿಟ್ಟಿನಲ್ಲಿ ಸುಮಾರು ₹5,492 ವಾಪಸು. ಕ್ರೆಡಿಟ್ ಉಳಿಸಿಕೊಳ್ಳಲೆಂದು ಹಿಡಿದ ದುಡ್ಡೇ ಕ್ರೆಡಿಟ್ಟನ್ನು ತಿನ್ನತೊಡಗುತ್ತದೆ. ಅಕೌಂಟ್ಸ್ ವಿಭಾಗಕ್ಕೆ ಕಾನೂನಿನ ಪಾಠಕ್ಕಿಂತ ಈ ಒಂದು ಅಂಕಿ ಬೇಗ ನಾಟುತ್ತದೆ.

ಪ್ರಶ್ನೆ: ಸ್ಥಳೀಯ ಸಂಸ್ಥೆಯೊಂದರ ₹6 ಲಕ್ಷದ ಗುತ್ತಿಗೆ. ₹80,000ದ ಒಂದು ಬಿಲ್ಲಿನಲ್ಲೂ ಶೇ 2 ಜಿಎಸ್‌ಟಿ ಟಿಡಿಎಸ್ (ಹಣ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಮುರಿದರು. ಎರಡೂವರೆ ಲಕ್ಷದ ಒಳಗೆ ಮುರಿಯುವಂತಿಲ್ಲ ಅಲ್ಲವೇ? ಮುರಿದದ್ದು 2ಬಿಯಲ್ಲೂ ಇಲ್ಲ.

ಉತ್ತರ: ಮುರಿದದ್ದು ಸರಿ. ₹2,50,000ದ ಮಿತಿ ತೆರಿಗೆ ಬಿಟ್ಟು ಇಡೀ ಗುತ್ತಿಗೆಯ ಮೌಲ್ಯಕ್ಕೆ, ಒಂದೊಂದು ಬಿಲ್ಲಿಗಲ್ಲ. ಆದರೆ ಶೇ 2 ಲೆಕ್ಕ ಹಾಕುವುದು ಜಿಎಸ್‌ಟಿ ಬಿಟ್ಟ ಮೊತ್ತದ ಮೇಲೆ. ನಿಮ್ಮ 80,000 ತೆರಿಗೆ ಬಿಟ್ಟು ಎಂದಾದರೆ ₹1,600 ಮಾತ್ರ. ಶೇ 18 ತೆರಿಗೆ ಸೇರಿಸಿ 94,400ರ ಮೇಲೆ ₹1,888 ಮುರಿದಿದ್ದರೆ ₹288 ಹೆಚ್ಚಾಯಿತು.

ಇದು 2ಬಿಯಲ್ಲಿ ಬರುವ ಬಾಬತ್ತಲ್ಲ. ಅವರು ಮುಂದಿನ ತಿಂಗಳ 10ರೊಳಗೆ ಟಿಡಿಎಸ್ ರಿಟರ್ನ್ ಆದ ಜಿಎಸ್‌ಟಿಆರ್-7 ಹಾಕಿದ ಮೇಲೆ ನಿಮ್ಮ ಪೋರ್ಟಲಿನ ‘ಟಿಡಿಎಸ್ ಅಂಡ್ ಟಿಸಿಎಸ್ ಕ್ರೆಡಿಟ್ ರಿಸೀವ್ಡ್’ ಪುಟಕ್ಕೆ ಬರುತ್ತದೆ. ಅಲ್ಲಿ ನೀವು ‘ಆಕ್ಸೆಪ್ಟ್’ ಒತ್ತಿ ಫೈಲ್ ಮಾಡಬೇಕು. ಆಮೇಲೆ ದುಡ್ಡು ಕ್ಯಾಷ್ ಲೆಡ್ಜರಿಗೆ (ತೆರಿಗೆ ಕಟ್ಟಲು ಪೋರ್ಟಲಿನಲ್ಲಿರುವ ನಿಮ್ಮ ನಗದು ಖಾತೆ) ಇಳಿಯುತ್ತದೆ. ಒತ್ತದೆ ವರ್ಷಗಟ್ಟಲೆ ಅಲ್ಲೇ ಬಿಟ್ಟವರಿದ್ದಾರೆ.

ಆ ಪುಟವೇ ಖಾಲಿ ಇದ್ದರೆ ಡಿಡಿಒಗೆ (ಸಂಸ್ಥೆಯಲ್ಲಿ ಬಿಲ್ ಪಾವತಿಸುವ ಅಧಿಕಾರಿ) ಪತ್ರ ಬರೆದು ಬಿಲ್ ನಂಬರು, ಪಾವತಿ ತಾರೀಖು, ಮುರಿದ ಮೊತ್ತ ತಿಳಿಸಿ, ಜಿಎಸ್‌ಟಿಆರ್-7ಎ ಪ್ರಮಾಣಪತ್ರ ಕೇಳಿ. ಜಿಎಸ್‌ಟಿಐಎನ್ ತಪ್ಪಾಗಿ ಬೇರೆಯವರಿಗೆ ಹೋಗಿದ್ದರೆ ಅವರೇ ಮುಂದಿನ ಜಿಎಸ್‌ಟಿಆರ್-7ರಲ್ಲಿ ತಿದ್ದಬೇಕು. ನಿಮ್ಮ ಲೆಡ್ಜರಿಗೆ ಹೆಚ್ಚು ಬಂದ ₹288 ಮಾತ್ರ ಎಲ್ಲೂ ಹೋಗಿಲ್ಲ. ಮುಂದಿನ ತೆರಿಗೆಗೆ ಬಳಸಿಕೊಳ್ಳಿ.

ಪ್ರಶ್ನೆ: ಆದಾಯ ತೆರಿಗೆಯ ಟಿಡಿಎಸ್ ಕೂಡ ಜಿಎಸ್‌ಟಿ ಸೇರಿಸಿದ ಮೊತ್ತದ ಮೇಲೆ ಮುರಿಯುತ್ತಿದ್ದಾರೆ.

ಉತ್ತರ: ಬಿಲ್ಲಿನಲ್ಲಿ ಜಿಎಸ್‌ಟಿ ಬೇರೆಯಾಗಿ ತೋರಿಸಿದ್ದರೆ ಅದರ ಮೇಲೆ ಮುರಿಯಬಾರದು. 2017ರ ಜುಲೈ 19ರ ಕೇಂದ್ರ ನೇರ ತೆರಿಗೆ ಮಂಡಳಿಯ 23/2017 ಸುತ್ತೋಲೆ ಇದನ್ನೇ ಹೇಳುತ್ತದೆ. ‘ತೆರಿಗೆ ಸೇರಿ’ ಎಂದು ಒಂದೇ ಮೊತ್ತ ಬರೆದಿದ್ದರೆ ದೂರುವಂತಿಲ್ಲ, ಬಿಲ್ ಪುಸ್ತಕ ಬದಲಿಸಿ.

ಪ್ರಶ್ನೆ: 2ಬಿಯಲ್ಲಿ ಎಲ್ಲ ಇದ್ದೂ ಒಂದು ವರ್ಷದಿಂದ ಕೊಡುತ್ತಿಲ್ಲ. ಕ್ರೆಡಿಟ್ ನೋಟ್ (ಬಿಲ್ಲಿನ ಮೊತ್ತ ತಗ್ಗಿಸುವ ಚೀಟಿ) ಹಾಕಿ ತೆರಿಗೆ ವಾಪಸು ಪಡೆಯಲೇ?

ಉತ್ತರ: ಬೇಡ. ಮಾಲು ಹಿಂದೆ ಬಂದಾಗ, ಮಾಲಿನಲ್ಲಿ ಕೊರತೆ ಕಂಡಾಗ, ಬೆಲೆಯನ್ನೋ ತೆರಿಗೆಯನ್ನೋ ಹೆಚ್ಚು ಹಾಕಿದಾಗ ಕ್ರೆಡಿಟ್ ನೋಟ್. ದುಡ್ಡು ಬಂದಿಲ್ಲ ಎನ್ನುವುದು ಅದಕ್ಕೆ ಕಾರಣವಾಗದು. ನೀವು ಉದ್ಯಮ್ ನೋಂದಣಿಯಿರುವ ಕಿರು ಅಥವಾ ಸಣ್ಣ ತಯಾರಕರೋ ಸೇವೆ ಕೊಡುವವರೋ ಆಗಿದ್ದರೆ, ಸಣ್ಣ ಉದ್ದಿಮೆಗಳ ಎಂಎಸ್‌ಎಂಇಡಿ ಕಾಯ್ದೆಯಂತೆ ಹಣ ಕೊಡಲು ಕರಾರು ಇದ್ದರೂ ಹೆಚ್ಚೆಂದರೆ 45 ದಿನ, ಕರಾರಿಲ್ಲದಿದ್ದರೆ 15 ದಿನ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳ ಚಕ್ರಬಡ್ಡಿ. ಮೊದಲು ಈ ಬಡ್ಡಿ ಲೆಕ್ಕವನ್ನೇ ಲಗತ್ತಿಸಿ ನೋಟಿಸ್ ಕೊಡಿ. ಆಮೇಲೆ ಬಿಲ್ಲು, ಆರ್ಡರ್, ಡೆಲಿವರಿ ಚಲನ್, ಜಿಎಸ್‌ಟಿಆರ್-1 ಪ್ರತಿ ಇಟ್ಟುಕೊಂಡು ಫೆಸಿಲಿಟೇಷನ್ ಕೌನ್ಸಿಲ್‌ಗೆ (ಆ ಕಾಯ್ದೆಯಡಿ ಬಾಕಿ ವ್ಯಾಜ್ಯ ಕೇಳುವ ಮಂಡಳಿ) ಅರ್ಜಿ ಹಾಕಿ. ಬರೀ ಕೊಂಡು ಮಾರುವ ವರ್ತಕರು ಇದನ್ನು ನೆಚ್ಚಿ ಕೂರಬಾರದು. ಅವರಿಗೆ ಉಳಿಯುವುದು ಸಿವಿಲ್ ದಾವೆ, ಅದಕ್ಕೆ ಮೂರು ವರ್ಷದ ಕಾಲಮಿತಿ.