ಗಿಟಾರಿನ ಒಳಗಿನ ಕನೆಕ್ಟರ್: ಉಪ್ಪುಗಾಳಿಯ ಊರಲ್ಲಿ ಯಾವುದು ಬಾಳುತ್ತದೆ?

ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ಸರ್, ನನ್ನ ಹತ್ತಿರ ಸ್ಟ್ರಾಟ್ ಮಾದರಿಯ ಎಲೆಕ್ಟ್ರಿಕ್ ಗಿಟಾರ್ ಇದೆ. ಬೇರೆ ಬೇರೆ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಿಗ್ನಲ್ ಮಾಡುವ ಭಾಗ) ಹಾಕಿ ನೋಡುವ ಆಸೆ. ಪ್ರತಿ ಸಲ ಸೋಲ್ಡರ್ ಬಿಚ್ಚಿ ಹಾಕುವ ರಗಳೆ ಬೇಡ ಅಂತ ಕನೆಕ್ಟರ್ ಹಾಕಬೇಕೆಂದಿದ್ದೇನೆ. ಗೆಳೆಯ ಆನ್‌ಲೈನಿನಲ್ಲಿ ಜೆಎಸ್‌ಟಿ ಕಂಪನಿಯ ಎಕ್ಸ್‌ಎಚ್ ಸರಣಿಯ ಕನೆಕ್ಟರ್ ಕಿಟ್ ತರಿಸಿಕೊಟ್ಟಿದ್ದಾನೆ. ನಮ್ಮ ಎಲೆಕ್ಟ್ರಿಷಿಯನ್ ಮಾತ್ರ ಮನೆ ವೈರಿಂಗಿನ ಸ್ಕ್ರೂ ಕನೆಕ್ಟರ್ ಸಾಕು ಎನ್ನುತ್ತಾರೆ. ಯಾವುದು ಒಳ್ಳೆಯದು? ಕನೆಕ್ಟರಿನಿಂದ ಟೋನ್ ಕೆಡುತ್ತದೆಯೇ?
– ಓದುಗರು, ಕೋಡಿಬಾಗ, ಕಾರವಾರ

ಉತ್ತರ: ಮೊದಲು ಟೋನ್ ವಿಷಯ ಮುಗಿಸೋಣ. ಕೆಡುವುದಿಲ್ಲ. ಒಳ್ಳೆಯ ಕನೆಕ್ಟರಿನ ಒಂದು ಪಿನ್ನಿನ ತಡೆ ಒಂದು ಓಮ್‌ನ ನೂರನೇ ಒಂದು ಪಾಲಿನಷ್ಟು. ನಿಮ್ಮ ಸಿಂಗಲ್ ಕಾಯಿಲ್ ಪಿಕಪ್ಪಿನ ಸುರುಳಿಯ ತಡೆಯೇ ಸುಮಾರು 6,000 ಓಮ್. ಅದರ ಮುಂದೆ ಇದು ಲೆಕ್ಕಕ್ಕೇ ಇಲ್ಲ. ಕನೆಕ್ಟರ್ ಹಾಕಿದ ಮೇಲೆ ಸೌಂಡ್ ಮಂಕಾಯಿತು ಎನ್ನುವವರ ಗಿಟಾರಿನಲ್ಲಿ ಕನೆಕ್ಟರ್ ಸರಿಯಾಗಿ ಕೂತಿಲ್ಲ, ಅಷ್ಟೇ.

ಕೆಡುವುದು ಬೇರೆ ಕಡೆ. ಕನೆಕ್ಟರಿನ ಪ್ಯಾಕೆಟ್ಟಿನ ಮೇಲೆ 3 ಆಂಪಿಯರ್, 250 ವೋಲ್ಟ್ ಅಂತ ಬರೆದಿರುತ್ತದೆ. ಎಲೆಕ್ಟ್ರಿಷಿಯನ್ ನೋಡುವುದು ಅದನ್ನೇ, ಮನೆ ವೈರಿಂಗಿಗೆ ಅದು ಸರಿ ಕೂಡ. ಗಿಟಾರಿನಲ್ಲಿ ಆ ಅಂಕಿಯಿಂದ ಏನೂ ಪ್ರಯೋಜನವಿಲ್ಲ. ಪಿಕಪ್ಪಿನಿಂದ ಹೊರಡುವುದು ಕೆಲವು ನೂರು ಮಿಲಿವೋಲ್ಟ್. 250ಕೆ, ಅಂದರೆ ಎರಡೂವರೆ ಲಕ್ಷ ಓಮ್‌ನ ವಾಲ್ಯೂಮ್ ಪಾಟ್‌ನಲ್ಲಿ (ತಿರುಗಿಸುವ ಗುಂಡಿಯ ಅಡಿಯ ಭಾಗ) ಹರಿಯುವ ಕರೆಂಟ್ ಒಂದು ಮೈಕ್ರೋ ಆಂಪಿಯರ್ ಆಸುಪಾಸು. ಇಲ್ಲೇ ಇರುವುದು ತೊಂದರೆ. ಮನೆಯ ಸ್ವಿಚ್ಚಿನಲ್ಲಿ ಲೋಹದ ಮೇಲೆ ತೆಳ್ಳಗೆ ಕಿಲುಬು ಕೂತರೂ 230 ವೋಲ್ಟ್ ಅದನ್ನು ಸುಟ್ಟು ದಾರಿ ಮಾಡಿಕೊಳ್ಳುತ್ತದೆ. ಗಿಟಾರಿನ ಸಿಗ್ನಲ್ಲಿಗೆ ಆ ತಾಕತ್ತಿಲ್ಲ. ಕಣ್ಣಿಗೆ ಕಾಣದಷ್ಟು ಪದರ ಸಾಕು, ಕರಕರ ಶುರು.

ಅದರ ಮೇಲೆ ನಿಮ್ಮದು ಕೋಡಿಬಾಗ. ಒಂದು ಕಡೆ ಕಾಳಿ ನದಿ, ಇನ್ನೊಂದು ಕಡೆ ಸಮುದ್ರ. ಕಿಟಕಿಯ ಸರಳು, ಬೈಕಿನ ಸೈಲೆನ್ಸರ್ ಏನಾಗುತ್ತವೆಂದು ನಿಮಗೆ ನಾನು ಹೇಳಬೇಕಿಲ್ಲ. ಅದೇ ಉಪ್ಪುಗಾಳಿ ಗಿಟಾರಿನ ಒಳಗೂ ಹೋಗುತ್ತದೆ. ಜತೆಗೆ ನುಡಿಸುವಾಗ ಮರ ಸದಾ ಕಂಪಿಸುತ್ತದೆ. ತವರ ಲೇಪದ ಪಿನ್ನುಗಳು ಒಂದಕ್ಕೊಂದು ಕೂದಲೆಳೆಯಷ್ಟು ಉಜ್ಜಿಕೊಳ್ಳುತ್ತಾ ಇರುತ್ತವೆ. ಉಜ್ಜಿದ ಜಾಗದಲ್ಲಿ ಹೊಸ ತವರ ಗಾಳಿಗೆ ತೆರೆದುಕೊಂಡು ಮತ್ತೆ ಆಕ್ಸೈಡ್ ಆಗುತ್ತದೆ. ಹಾಗಾಗಿ ಎಷ್ಟು ಆಂಪಿಯರ್ ಎಂಬುದನ್ನು ಬಿಡಿ. ಲೇಪ ಯಾವುದು, ಲಾಕ್ ಇದೆಯೇ, ನಿಮ್ಮ ವೈರಿಗೆ ಹೊಂದುತ್ತದೆಯೇ ಎಂದು ಕೇಳಿ.

ಲೇಪದ ಮಟ್ಟಿಗೆ ಚಿನ್ನದ ಲೇಪವೇ ಮೇಲು. ಇದು ಶೋಕಿಯಲ್ಲ, ಚಿನ್ನಕ್ಕೆ ಕಿಲುಬು ಹಿಡಿಯುವುದಿಲ್ಲ. ಆದರೆ ಎರಡೂ ಬದಿ ಚಿನ್ನವೇ ಇರಬೇಕು. ಒಂದು ಬದಿ ಚಿನ್ನ, ಇನ್ನೊಂದು ಬದಿ ತವರ ಹಾಕಿದರೆ ತವರ–ತವರಕ್ಕಿಂತ ಬೇಗ ಹಾಳಾಗುತ್ತದೆ. ನಿಮಗೆ ಬಂದಿರುವ ಕಿಟ್ ಬಹುತೇಕ ತವರದ್ದೇ ಇರುತ್ತದೆ. ಎಸೆಯಬೇಕಿಲ್ಲ. ತವರ ಹಾಕುವುದಾದರೆ ಜೋಡಿಸುವ ಮುಂಚೆ ಪಿನ್ನಿಗೆ ಸಿಲಿಕೋನ್ ಡೈಎಲೆಕ್ಟ್ರಿಕ್ ಗ್ರೀಸನ್ನು ತೀರಾ ತೆಳ್ಳಗೆ ಸವರಿ. ಒತ್ತಿದಾಗ ಲೋಹ ಲೋಹಕ್ಕೆ ತಾಗುತ್ತದೆ, ಸುತ್ತ ಗಾಳಿ ಸುಳಿಯುವುದಿಲ್ಲ. ಆಮೇಲೆ ಸುಮ್ನೆ ಸುಮ್ನೆ ತೆಗೆದು ಹಾಕಬೇಡಿ. ತವರ ಅಷ್ಟು ಸವೆತ ತಡೆಯುವುದಿಲ್ಲ.

ಎಕ್ಸ್‌ಎಚ್ ಕಿಟ್ಟಿನಲ್ಲಿ ಇನ್ನೊಂದು ತೊಡಕಿದೆ. ಅದು ವೈರಿನಿಂದ ಬೋರ್ಡಿಗೆ ಹೋಗುವ ಕನೆಕ್ಟರ್. ಪಿನ್ ಇರುವ ಭಾಗ ಪಿಸಿಬಿ (ಸರ್ಕ್ಯೂಟ್ ಬೋರ್ಡ್) ಮೇಲೆ ಕೂರಬೇಕು. ಸ್ಟ್ರಾಟಿನಲ್ಲಿ ಪಿಸಿಬಿ ಎಲ್ಲಿದೆ? ಪಿನ್ನಿಗೆ ನೇರವಾಗಿ ವೈರ್ ಸೋಲ್ಡರ್ ಮಾಡಿ ಗಾಳಿಯಲ್ಲಿ ನೇತಾಡಿಸಿದ ಕೆಲಸ ಎಷ್ಟೋ ಗಿಟಾರುಗಳಲ್ಲಿ ಕಾಣುತ್ತದೆ. ಕಾಯಿಸುವಾಗ ಪ್ಲಾಸ್ಟಿಕ್ ಕರಗಿ ಪಿನ್ ಓರೆಯಾಗಿರುತ್ತದೆ. ವೈರಿನಿಂದ ವೈರಿಗೆ ಬೇಕಾದರೆ ಅದೇ ಕಂಪನಿಯ ಎಸ್‌ಎಂ ಸರಣಿ ಕೇಳಿ. ಎಲ್‌ಇಡಿ ಸ್ಟ್ರಿಪ್ಪಿನ ತುದಿಯಲ್ಲಿ ಬರುತ್ತದಲ್ಲ, ಕೊಕ್ಕೆ ಇರುವ ಕಪ್ಪು ಕನೆಕ್ಟರ್, ಅದೇ. ಪಿನ್ನುಗಳ ನಡುವೆ 2.5 ಮಿ.ಮೀ. ಅಂತರ, ಕಟಕ್ ಎಂದು ಕೂರುವ ಲಾಕ್. ಎಕ್ಸ್‌ಎಚ್ಚನ್ನೇ ಬಳಸುವುದಾದರೆ ಡಾಟ್ ಬೋರ್ಡಿನ (ಸಾಲು ತೂತುಗಳಿರುವ ಬೋರ್ಡ್) ಸಣ್ಣ ತುಂಡಿಗೆ ಪಿನ್ ಭಾಗಗಳನ್ನು ಕೂರಿಸಿ, ಬೋರ್ಡನ್ನು ಪಿಕ್‌ಗಾರ್ಡಿನ (ಗಿಟಾರಿನ ಮುಂಭಾಗದ ಪ್ಲಾಸ್ಟಿಕ್ ಹಾಳೆ) ಅಡಿಗೆ ಅಂಟಿಸಿ. ಕೆಲಸ ಜಾಸ್ತಿ, ಆದರೆ ಅಚ್ಚುಕಟ್ಟು. ಅಂಗಡಿಯಲ್ಲಿ ರಿಲಿಮೇಟ್ ಅಂತ ಕೇಳಿದರೆ ಕೊಡುವ ಬಿಳಿ ಕನೆಕ್ಟರ್ 2.54 ಮಿ.ಮೀ.ನದು. ಅದಕ್ಕೂ ಬೋರ್ಡ್ ಬೇಕು. ಬರ್ಗ್ ಸ್ಟ್ರಿಪ್ಪಿನಲ್ಲಿ (ಸಾಲು ಪಿನ್ನುಗಳ ಪಟ್ಟಿ) ಚಿನ್ನದ ಲೇಪದ್ದು ಸುಲಭಕ್ಕೆ ಸಿಗುತ್ತದೆ, ಲಾಕ್ ಮಾತ್ರ ಇಲ್ಲ. ಜೋಡಿಸಿದ ಮೇಲೆ ಎರಡನ್ನೂ ಸೇರಿಸಿ ಶ್ರಿಂಕ್ ಸ್ಲೀವ್ (ಕಾಯಿಸಿದರೆ ಕುಗ್ಗುವ ಕೊಳವೆ) ಹಾಕಿದರೆ ಅದೇ ಲಾಕ್. ಕಾರವಾರದಲ್ಲಿ ಸಿಗದಿದ್ದರೆ ಮಡಗಾಂವ್ ಕಡೆ ಹೋದಾಗ ನೋಡಿ, ಬೆಂಗಳೂರಿನ ಎಸ್.ಪಿ. ರೋಡಿನಲ್ಲಂತೂ ರಾಶಿ ಇದೆ.

ಇನ್ನು ವೈರಿನ ದಪ್ಪ. ಗಿಟಾರಿನಲ್ಲಿ ಸಾಮಾನ್ಯವಾಗಿ ಬಳಸುವುದು 22 ಗೇಜ್ ವೈರ್ (ಗೇಜ್ ಅಂಕಿ ಕಮ್ಮಿಯಾದಷ್ಟೂ ವೈರ್ ದಪ್ಪ). ಎಕ್ಸ್‌ಎಚ್ ಮತ್ತು ಎಸ್‌ಎಂ ಟರ್ಮಿನಲ್ (ವೈರಿನ ತುದಿಗೆ ಒತ್ತಿ ಕೂರಿಸುವ ಲೋಹದ ತುಂಡು) 22ರಿಂದ 28 ಗೇಜಿನವರೆಗೆ ಹಿಡಿಯುತ್ತವೆ. 2 ಮಿ.ಮೀ. ಅಂತರದ ಪಿಎಚ್ ಸರಣಿ ನೋಡಲು ಮುದ್ದಾಗಿದೆ, ಆದರೆ ಅದು 24ಕ್ಕಿಂತ ದಪ್ಪದ್ದನ್ನು ತೆಗೆದುಕೊಳ್ಳುವುದಿಲ್ಲ. ಎಳೆ ಕತ್ತರಿಸಿ ತೆಳ್ಳಗೆ ಮಾಡಿ ತುರುಕಬೇಡಿ. ಬಟ್ಟೆ ಹೊದಿಕೆಯ ಹಳೇ ಶೈಲಿಯ ವೈರ್, ಮೇಲೆ ಲೋಹದ ಹೆಣಿಗೆ ಇರುವ ವೈರ್ ಇವಕ್ಕೆ ಈ ಟರ್ಮಿನಲ್ ಹಿಡಿಯುವುದೇ ಇಲ್ಲ.

ಟರ್ಮಿನಲ್ಲನ್ನು ಬೆಳಕಿಗೆ ಹಿಡಿದು ನೋಡಿ. ಎರಡು ಜೊತೆ ರೆಕ್ಕೆ ಕಾಣುತ್ತವೆ. ಮುಂದಿನ ಜೊತೆ ಚಿಕ್ಕದು, ಅದು ತಾಮ್ರವನ್ನು ಹಿಡಿಯಬೇಕು. ಹಿಂದಿನದು ಪ್ಲಾಸ್ಟಿಕ್ ಹೊದಿಕೆಯನ್ನು ಹಿಡಿಯಬೇಕು. ವೈರಿನ ಹೊದಿಕೆ ಎರಡು ಮಿ.ಮೀ. ಆಸುಪಾಸು ಸುಲಿದರೆ ಸಾಕು. ಜಾಸ್ತಿ ಸುಲಿದರೆ ಹಿಂದಿನ ರೆಕ್ಕೆ ಬರೀ ತಾಮ್ರವನ್ನು ಕಚ್ಚುತ್ತದೆ, ನಾಲ್ಕು ಸಲ ಬಾಗಿದರೆ ತುಂಡು. ಕಮ್ಮಿ ಸುಲಿದರೆ ಮುಂದಿನ ರೆಕ್ಕೆ ಪ್ಲಾಸ್ಟಿಕ್ಕಿನ ಮೇಲೆ ಕೂರುತ್ತದೆ. ನೋಡಲು ಸರಿ, ಕರೆಂಟ್ ಇಲ್ಲ. ಸರಿಯಾಗಿ ಕ್ರಿಂಪ್ ಆದ, ಅಂದರೆ ಒತ್ತಿ ಬಿಗಿದ ಮುಂದಿನ ರೆಕ್ಕೆಗಳು ಒಳಮುಖವಾಗಿ ಸುರುಳಿ ಸುತ್ತಿ ಎಳೆಗಳ ಮಧ್ಯೆ ಇಳಿದಿರುತ್ತವೆ. ಇಕ್ಕಳದಲ್ಲಿ ಒತ್ತಿದ್ದು ರೊಟ್ಟಿಯಂತೆ ಚಪ್ಪಟೆಯಾಗಿರುತ್ತದೆ, ಒಳಗೆ ಗಾಳಿ ಉಳಿಯುತ್ತದೆ. ಕರಾವಳಿಯಲ್ಲಿ ಆ ಗಾಳಿಯೇ ಶತ್ರು. ಕ್ರಿಂಪಿಂಗ್ ಟೂಲ್ ಇಲ್ಲ, ಕೊಳ್ಳುವಷ್ಟು ಕೆಲಸವೂ ಇಲ್ಲ ಅಂದರೆ ವೈರ್ ಸಮೇತ ಬರುವ ರೆಡಿಮೇಡ್ ಜೋಡಿ ತನ್ನಿ. ಅದರ ವೈರನ್ನು ಪಿಕಪ್ಪಿನ ವೈರಿಗೆ ಒಮ್ಮೆ ಸೋಲ್ಡರ್ ಮಾಡಿ, ಮೇಲೆ ಶ್ರಿಂಕ್ ಸ್ಲೀವ್ ಹಾಕಿ. ನನ್ನ ಮತ ಇದಕ್ಕೇ.

ಸ್ಕ್ರೂ ಕನೆಕ್ಟರ್ ಕೂಡದೇ ಕೂಡದು ಎನ್ನುವುದಿಲ್ಲ. ಯಾವ ಪಿಕಪ್ ಇಷ್ಟವಾಗುತ್ತದೆಂದು ಒಂದೆರಡು ವಾರ ಪರೀಕ್ಷೆ ಮಾಡುವಾಗ ಅದು ಚೆನ್ನಾಗಿ ಒದಗುತ್ತದೆ. ಕಾಯಂ ಬೇಡ. ತೆಳು ಎಳೆಗಳನ್ನು ಸ್ಕ್ರೂ ಕತ್ತರಿಸುತ್ತದೆ. ಅದಕ್ಕೇ ತುದಿಗೆ ಸೋಲ್ಡರ್ ಮೆತ್ತಿ ಬಿಗಿಯುತ್ತೇವೆ ಎನ್ನುವವರಿದ್ದಾರೆ. ಅದು ಇನ್ನೂ ಕೆಟ್ಟದ್ದು. ಸೋಲ್ಡರ್ ಮೆತ್ತನೆಯ ಲೋಹ. ಒತ್ತಡಕ್ಕೆ ನಿಧಾನವಾಗಿ ಜಾರಿ ಕೆಲವೇ ತಿಂಗಳಲ್ಲಿ ಸ್ಕ್ರೂ ಸಡಿಲವಾಗುತ್ತದೆ.

ಎಲ್ಲೆಲ್ಲಿ ಹಾಕಬೇಕು? ಎಲ್ಲ ಕಡೆ ಅಲ್ಲ. ಸ್ಟ್ರಾಟಿನಲ್ಲಿ ಮೂರು ಪಿಕಪ್, ಮೂರು ಪಾಟ್, ಐದು ದಾರಿಯ ಸ್ವಿಚ್ ಎಲ್ಲವೂ ಪಿಕ್‌ಗಾರ್ಡಿಗೇ ಅಂಟಿಕೊಂಡಿವೆ. ಮರಕ್ಕೆ ಹೋಗುವುದು ಮೂರೇ ವೈರ್: ಜ್ಯಾಕಿಗೆ (ಕೇಬಲ್ ತೂರಿಸುವ ಜಾಗ) ಎರಡು, ಹಿಂದಿನ ಸ್ಪ್ರಿಂಗ್ ಹಿಡಿದಿರುವ ಕ್ಲಾಗೆ ಗ್ರೌಂಡ್ ಒಂದು. ಆ ಮೂರಕ್ಕೆ ಒಂದು ಮೂರು ಪಿನ್ನಿನ ಕನೆಕ್ಟರ್ ಹಾಕಿ. ಪಿಕ್‌ಗಾರ್ಡಿನ ಸ್ಕ್ರೂ ಬಿಚ್ಚಿದರೆ ಇಡೀ ವೈರಿಂಗ್ ಟೇಬಲ್ಲಿಗೆ ಬರುತ್ತದೆ. ನನ್ನ ಕೇಳಿದರೆ ಎಲ್ಲಕ್ಕಿಂತ ಉಪಯೋಗದ ಕನೆಕ್ಟರ್ ಇದೇ. ಆಮೇಲೆ ಬದಲಿಸಬೇಕೆಂದಿರುವ ಪಿಕಪ್ಪಿಗೆ ಎರಡು ಪಿನ್ನಿನದು ಒಂದೊಂದು. ಸ್ವಿಚ್, ಪಾಟ್, ಕೆಪಾಸಿಟರ್ ನಡುವಿನದೆಲ್ಲ ಸೋಲ್ಡರೇ ಇರಲಿ. 60/40 ರೋಸಿನ್ ಸೋಲ್ಡರ್, 25 ವ್ಯಾಟಿನ ಐರನ್ ಅಷ್ಟಕ್ಕೆ ಸಾಕು. ಕ್ಲಾ ದಪ್ಪ ಲೋಹ, ಅದಕ್ಕೆ 60 ವ್ಯಾಟ್ ಬೇಕು.

ಒಂದೇ ದಿಕ್ಕಿನಲ್ಲಿ ಕೂರುವ ಕನೆಕ್ಟರನ್ನೇ ಆರಿಸಿ. ಬರ್ಗ್ ಸ್ಟ್ರಿಪ್ ತಿರುಗುಮುರುಗಾಗಿಯೂ ಕೂರುತ್ತದೆ. ಹಾಗೆ ಕೂತರೆ ಒಂದೇ ಪಿಕಪ್ ನುಡಿಸುವಾಗ ಗೊತ್ತೇ ಆಗುವುದಿಲ್ಲ. ಸ್ವಿಚ್ಚನ್ನು ಎರಡನೇ ಅಥವಾ ನಾಲ್ಕನೇ ಸ್ಥಾನಕ್ಕೆ ತಂದಾಗ ಎರಡು ಪಿಕಪ್ ಒಂದನ್ನೊಂದು ಕಡಿಯುತ್ತವೆ, ಸೌಂಡ್ ತೆಳ್ಳಗೆ ಮೂಗಿನಿಂದ ಬಂದಂತಾಗುತ್ತದೆ. ಹಂಬಕರ್ (ಎರಡು ಸುರುಳಿಯ ಪಿಕಪ್) ಹಾಕುವುದಾದರೆ ಬಣ್ಣ ನಂಬಬೇಡಿ. ಸೀಮೋರ್ ಡಂಕನ್ ಕಂಪನಿಯದರಲ್ಲಿ ಕಪ್ಪು ವೈರ್ ಹಾಟ್ (ಸಿಗ್ನಲ್ ಒಯ್ಯುವುದು), ಕೆಂಪು–ಬಿಳಿ ಒಟ್ಟಿಗೆ ಸೇರಬೇಕು. ಡಿಮಾರ್ಜಿಯೋದಲ್ಲಿ ಕೆಂಪು ಹಾಟ್, ಕಪ್ಪು–ಬಿಳಿ ಸೇರಬೇಕು. ಹಸಿರು ಮತ್ತು ಬರಿ ವೈರ್ ಎರಡರಲ್ಲೂ ಗ್ರೌಂಡ್. ಬೇರೆ ಕಂಪನಿಯದಾದರೆ ಅವರ ಚಿತ್ರ ನೋಡಿಯೇ ಮುಟ್ಟಿ.

ಮುಚ್ಚುವ ಮುನ್ನ ಆಂಪ್ಲಿಫೈಯರ್ ಹಾಕಿ, ಪೆನ್ಸಿಲ್ಲಿನಿಂದ ಪ್ರತಿ ಕನೆಕ್ಟರನ್ನೂ ಮೆಲ್ಲಗೆ ತಟ್ಟಿ. ಕರ್ ಎಂದರೆ ಅಲ್ಲೇ ಇದೆ. ಮಲ್ಟಿಮೀಟರ್ ಒಂದನ್ನೇ ನಂಬಿ ಕೂರಬೇಡಿ, ಅದು ಸಿಗ್ನಲ್ಲಿಗಿಂತ ಎಷ್ಟೋ ಜಾಸ್ತಿ ಕರೆಂಟ್ ಹರಿಸುವುದರಿಂದ ಕೆಟ್ಟ ಜೋಡಣೆಯೂ ಪಾಸಾಗಿಬಿಡುತ್ತದೆ. ಕನೆಕ್ಟರ್ ಮರಕ್ಕೆ ಬಡಿದು ಟಕಟಕ ಅನ್ನದಂತೆ ಒಂದು ತುಂಡು ಫೋಮ್ ಇಡಿ. ಒಳಗೆ ತಾಮ್ರದ ಹಾಳೆ ಅಂಟಿಸಿದ್ದರೆ ಕನೆಕ್ಟರಿಗೆ ಸ್ಲೀವ್ ಕಡ್ಡಾಯ.

ಪ್ರಶ್ನೆ: ಮಳೆಗಾಲ ಬಂತೆಂದರೆ ನನ್ನ ಗಿಟಾರಿನ ಜ್ಯಾಕಿನಲ್ಲಿ ಕರಕರ. ಕೇಬಲ್ ತಿರುಗಿಸಿದರೆ ಸರಿಹೋಗುತ್ತದೆ, ಮತ್ತೆ ಶುರು. ಜ್ಯಾಕ್ ಬದಲಿಸಬೇಕೆ?
– ಓದುಗರು, ಶಿರಸಿ

ಉತ್ತರ: ಶಿರಸಿಯಲ್ಲಿ ಉಪ್ಪಿಲ್ಲ, ಆದರೆ ಜೂನ್‌ನಿಂದ ಬೂಸಲು ಹಿಡಿಯದ ವಸ್ತು ಯಾವುದಿದೆ ಹೇಳಿ. ತಕ್ಷಣ ಬದಲಿಸಬೇಡಿ. ತಿರುಗಿಸಿದರೆ ಸರಿಹೋಗುತ್ತದೆ ಎಂದರೆ ಒಂದೋ ಕಿಲುಬು, ಇಲ್ಲವೇ ಜ್ಯಾಕಿನ ಉದ್ದನೆಯ ಎಲೆ (ಪ್ಲಗ್ಗಿನ ತುದಿಯನ್ನು ಹಿಡಿಯುವ ಲೋಹದ ಪಟ್ಟಿ) ಸಡಿಲವಾಗಿದೆ. ಜ್ಯಾಕನ್ನು ಹೊರಗೆ ತೆಗೆಯಿರಿ. ಕಿವಿಬಡ್ಸಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಎಲೆಯ ತುದಿ ಮತ್ತು ಬುಶ್ಶಿನ (ಪ್ಲಗ್ ತೂರುವ ಲೋಹದ ಕೊಳವೆ) ಒಳಭಾಗ ಎರಡನ್ನೂ ಉಜ್ಜಿ. ಎಲೆಯನ್ನು ಒಂದು ಚೂರು ಒಳಕ್ಕೆ ಬಾಗಿಸಿ, ಪ್ಲಗ್ ಹಾಕಿದಾಗ ಗಟ್ಟಿಯಾಗಿ ಕಚ್ಚಬೇಕು.

ನಟ್ ಸಡಿಲವಾಗಿದೆಯೇ ನೋಡಿ. ಜ್ಯಾಕ್ ರಂಧ್ರದಲ್ಲಿ ತಿರುಗುತ್ತಿದ್ದರೆ ಒಳಗೆ ವೈರ್ ಹುರಿಯಾಗಿ ತಿರುಚಿಕೊಂಡು ಕಡಿಯುತ್ತದೆ. ಬಿಗಿಯುವಾಗ ಜ್ಯಾಕನ್ನು ಹಿಂದಿನಿಂದ ಹಿಡಿದುಕೊಳ್ಳಿ, ಹಲ್ಲಿರುವ ವಾಷರನ್ನು ಮರೆಯಬೇಡಿ. ಬದಲಿಸಲೇಬೇಕಾದರೆ ತೆರೆದ ಲೋಹದ ಜ್ಯಾಕ್ ತನ್ನಿ, ಸ್ವಿಚ್‌ಕ್ರಾಫ್ಟ್ ಇದ್ದರೆ ಬಹಳ ಒಳ್ಳೆಯದು. ಅದಕ್ಕೆ 3/8 ಇಂಚು, ಅಂದರೆ 9.5 ಮಿ.ಮೀ. ರಂಧ್ರ ಬೇಕು. ಅಗ್ಗದ ಜ್ಯಾಕುಗಳ ಮರೆ (ನಟ್ ತಿರುಗುವ ಸುತ್ತು) ಬೇರೆ, ಹಳೇ ನಟ್ ಹೊಸದಕ್ಕೆ ಕೂರದೆ ಹೋಗಬಹುದು. ಉದ್ದ ಎಲೆಗೆ ಸೇರಿದ ಕಿವಿಗೆ (ವೈರ್ ಸೋಲ್ಡರ್ ಮಾಡುವ ತುದಿ) ಹಾಟ್, ಬುಶ್ಶಿಗೆ ಸೇರಿದ ಕಿವಿಗೆ ಗ್ರೌಂಡ್. ಈ ಕಿವಿಗಳಿಗೆ ಕನೆಕ್ಟರ್ ಬೇಡ, ಸೋಲ್ಡರೇ ಹಾಕಿ.

ಪ್ರಶ್ನೆ: ನಮ್ಮ ಚರ್ಚಿನ ಕಾಯಿರ್‌ನಲ್ಲಿ ಬಳಸುವ ಗಿಟಾರಿಗೆ ಸೋಲ್ಡರ್ ಬೇಡದ ಆ್ಯಕ್ಟಿವ್ ಪಿಕಪ್ (ಬ್ಯಾಟರಿಯಿಂದ ನಡೆಯುವುದು) ಹಾಕಿಸಿದೆವು. ಹಳೇ ಜ್ಯಾಕ್, ಹಳೇ ಪಾಟ್ ಚೆನ್ನಾಗಿಯೇ ಇವೆ ಅಂತ ಹಾಗೇ ಬಿಟ್ಟಿದ್ದಾರೆ. ಬ್ಯಾಟರಿ ಬೇಗ ಬೇಗ ಮುಗಿಯುತ್ತಿದೆ.
– ಓದುಗರು, ಹೊನ್ನಾವರ

ಉತ್ತರ: ಜ್ಯಾಕೇ ಕಾರಣ. ಆ್ಯಕ್ಟಿವ್ ಪಿಕಪ್ಪಿಗೆ ಸ್ಟಿರಿಯೋ ಜ್ಯಾಕ್ ಬೇಕು. ಸೌಂಡ್ ಸ್ಟಿರಿಯೋ ಆಗಲಿ ಅಂತಲ್ಲ, ಬ್ಯಾಟರಿಯ ಸ್ವಿಚ್ ಅದೇ. 9 ವೋಲ್ಟ್ ಬ್ಯಾಟರಿಯ ಕಪ್ಪು ವೈರ್ ಜ್ಯಾಕಿನ ರಿಂಗ್ ಎಂಬ ಮೂರನೇ ಕಿವಿಗೆ ಹೋಗುತ್ತದೆ. ಮಾಮೂಲಿ ಮೋನೋ ಪ್ಲಗ್ ತೂರಿಸಿದಾಗ ಅದರ ಉದ್ದ ಲೋಹ ರಿಂಗನ್ನೂ ಗ್ರೌಂಡನ್ನೂ ಸೇರಿಸುತ್ತದೆ, ಪಿಕಪ್ ಆನ್ ಆಗುತ್ತದೆ. ಮೋನೋ ಜ್ಯಾಕಿನಲ್ಲಿ ರಿಂಗ್ ಇಲ್ಲ. ನಿಮ್ಮವರು ಕಪ್ಪು ವೈರನ್ನು ನೇರ ಗ್ರೌಂಡಿಗೆ ಹಾಕಿರಬೇಕು, ಪಿಕಪ್ ಹಗಲೂ ರಾತ್ರಿ ಉರಿಯುತ್ತಿದೆ. ಕಿಟ್ಟಿನ ಜತೆಗೆ ಸ್ಟಿರಿಯೋ ಜ್ಯಾಕ್ ಬಂದಿರುತ್ತದೆ, ಅದನ್ನೇ ಹಾಕಿಸಿ. ಪ್ರಾರ್ಥನೆ ಮುಗಿದ ಮೇಲೆ ಕೇಬಲ್ ಕಿತ್ತಿಡುವ ಅಭ್ಯಾಸವೂ ಬೇಕು, ಪ್ಲಗ್ ಒಳಗಿದ್ದಷ್ಟು ಹೊತ್ತೂ ಬ್ಯಾಟರಿ ಖರ್ಚಾಗುತ್ತಲೇ ಇರುತ್ತದೆ.

ಪಾಟ್‌ಗಳನ್ನೂ ನೋಡಿಸಿ. ಇಎಂಜಿ ಕಂಪನಿಯ ಆ್ಯಕ್ಟಿವ್ ಪಿಕಪ್ಪಿಗೆ 25ಕೆ ಪಾಟ್ ಬೇಕು. 250ಕೆ ಅಥವಾ 500ಕೆ ಇದ್ದರೆ ವಾಲ್ಯೂಮ್ ಮೆಲ್ಲಗೆ ಇಳಿಯುವ ಬದಲು ಆನ್–ಆಫ್ ಸ್ವಿಚ್ಚಿನ ಹಾಗೆ ನಡೆದುಕೊಳ್ಳುತ್ತದೆ. ಬ್ಯಾಟರಿ ಕ್ಲಿಪ್ಪಿನ ಗುಂಡಿಗಳ ಮೇಲೆ ಹಸಿರು ಕೂತಿದ್ದರೆ ಉಜ್ಜುತ್ತಾ ಕೂರಬೇಡಿ. ಹೊಸ ಕ್ಲಿಪ್ಪಿಗೆ ತುಂಬಾ ದುಡ್ಡೇನೂ ಆಗುವುದಿಲ್ಲ, ಬದಲಿಸಿಬಿಡಿ.